ಮೂರು ದಿನದ ಗೊಬ್ಬರ

‘ಕೂಸಿಗೆ ಗೊಬ್ಬರ ಎದ್ದಾವು’ ಎಂದರೆ ಬೆಂಗಳೂರು, ಮೈಸೂರು ಕಡೆಯ ಗೆಳೆಯರು ನಗುತ್ತಾರೆ. ಹೊಲಕ್ಕೆ ಹಾಕುವ ಗೊಬ್ಬರ ಕೂಸಿನ ಮೈಮೇಲೆ ಏಳುವುದು ಹೇಗೆ ಎಂಬುದು ಅವರ ಪ್ರಶ್ನೆ. ನಮ್ಮ ಬೆಳಗಾವಿ ಸೀಮೆಯಲ್ಲಿ ದಡಾರಕ್ಕೆ ಗೊಬ್ಬರ ಅನ್ನುತ್ತಾರೆ. ಅದು ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಸಿಡುಬಿಗಂತೂ ರೋಗದ ಹೆಸರೇ ಇರಲಿಲ್ಲ. ಅವ್ವ ಬಂದಾಳ ಎನ್ನುತ್ತಿದ್ದರು. ಮೈಮೇಲೆ ಏಳುವ ಕಾಯಿಲೆಗಳಿಗೆ ಹೆಸರಿಡುವುದರಲ್ಲಿ, ಅವುಗಳಿಗೊಂದು ನೇಮ ಕಟ್ಟುವುದರಲ್ಲಿ ನಮ್ಮ ಹಿರಿಯರು ಜಿಪುಣರಾಗಿರಲಿಲ್ಲ.

ಆದರೆ ಒಂದು ಜ್ವರಕ್ಕೆ ಮಾತ್ರ ಅವರು ಹೆಸರಿಡಲಿಲ್ಲ. ಇಡುವಷ್ಟು ಹೊತ್ತು ಅದು ಯಾರ ಮನೆಯಲ್ಲೂ ನಿಲ್ಲಲಿಲ್ಲ. ಸಣ್ಣಗೆ ಮೈ ಬೆಚ್ಚಗಾಗುತ್ತದೆ, ಕಿವಿಯ ಹಿಂದೆ ಗಂಟು ಕಟ್ಟುತ್ತದೆ, ಮುಖದಿಂದ ಶುರುವಾಗಿ ಮೈತುಂಬ ತಿಳಿಗೆಂಪು ಗಂಧೆ ಹಬ್ಬುತ್ತದೆ, ಮೂರು ದಿನಕ್ಕೆ ಮಾಯವಾಗುತ್ತದೆ. ಮಕ್ಕಳು ಶಾಲೆ ತಪ್ಪಿಸುವಷ್ಟೂ ನೋವಿರುವುದಿಲ್ಲ. ಎಷ್ಟೋ ಮಂದಿಗೆ ಗಂಧೆಯೂ ಏಳುವುದಿಲ್ಲ. ಪಠ್ಯಪುಸ್ತಕಗಳು ಇದನ್ನು ಜರ್ಮನ್ ದಡಾರ ಎಂದವು, ಸರ್ಕಾರದ ಕರಪತ್ರಗಳು ರುಬೆಲ್ಲಾ ಎಂದವು. ನಮ್ಮ ಓಣಿಯಲ್ಲಿ ಅದು ಉಷ್ಣ, ಪಿತ್ತ, ಇಲ್ಲವೇ ಸಣ್ಣ ಗೊಬ್ಬರ. ಹೆಸರಿಲ್ಲದ್ದು ನೆನಪಿನಲ್ಲಿ ಉಳಿಯುವುದಿಲ್ಲ. ನೆನಪಿನಲ್ಲಿ ಉಳಿಯದ ರೋಗವೊಂದು ಹುಟ್ಟುವ ಮಗುವಿನ ಇಡೀ ಆಯುಷ್ಯದ ಮೇಲೆ ಗುರುತು ಹಾಕಿ ಹೋದರೆ ಆ ಗುರುತಿಗೆ ಬೇರೆ ಯಾರಾದರೂ ಹೊಣೆ ಹೊರಬೇಕಾಗುತ್ತದೆ. ಸಾಮಾನ್ಯವಾಗಿ ಹೊರುವವಳು ತಾಯಿ.

ನಮ್ಮ ಚಿಕ್ಕವ್ವ ಅದನ್ನು ಇಪ್ಪತ್ತಮೂರು ವರ್ಷ ಹೊತ್ತಳು.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ ಅವಳ ಗಂಡನ ಮನೆ. ಅವಳ ಮಗಳು ಹುಟ್ಟಿದ್ದು 1996ರ ಮೇ ತಿಂಗಳಲ್ಲಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಬಹಳ ಜನ ಅವಳನ್ನು ಹೆಸರಿನಿಂದ ಕರೆಯುವುದೂ ಇಲ್ಲ, ‘ಮೂಕಿ’ ಎಂದುಬಿಡುತ್ತಾರೆ. ಹುಟ್ಟಿದಾಗ ತೂಕ ಕಡಿಮೆ ಇತ್ತು. ಎರಡೂ ಕಣ್ಣಿನ ಪಾಪೆಯಲ್ಲಿ ಹಾಲು ತೊಟ್ಟಿಕ್ಕಿದಂಥ ಬಿಳುಪು. ದೀಪ ತೋರಿಸಿದರೆ ದೃಷ್ಟಿ ಹೊರಳುತ್ತಿರಲಿಲ್ಲ. ಎದೆಗೆ ಕೊಳವೆಯಿಟ್ಟು ಕೇಳಿದ ಡಾಕ್ಟರು ಏನೋ ಸಪ್ಪಳ ಐತಿ ಎಂದರು. ಎಂಟು ತಿಂಗಳಾದರೂ ತಾಟು ಬಿದ್ದರೆ ಬೆಚ್ಚಲಿಲ್ಲ. ಕಣ್ಣಿನ ಪೊರೆ ತೆಗೆಸಿದ್ದು ಮೂರನೆಯ ವರ್ಷಕ್ಕೆ. ದಪ್ಪ ಕನ್ನಡಕ ಬಂತು. ಜಗತ್ತು ಅಷ್ಟಿಷ್ಟು ಕಂಡಿತು. ಅದರೆ ಕಿವಿ ತೆರೆಯಲಿಲ್ಲ.

ಕಾರಣ ಹುಡುಕುವ ಕೆಲಸ ಅವಳು ಹುಟ್ಟಿದ ವಾರದಲ್ಲೇ ಶುರುವಾಗಿತ್ತು, ಅದೇ ವಾರ ಮುಗಿದೂ ಹೋಗಿತ್ತು. ಗ್ರಹಣ. 1995ರ ಅಕ್ಟೋಬರ್ 24ರ ಬೆಳಗ್ಗೆ, ದೀಪಾವಳಿ ಅಮಾವಾಸ್ಯೆಗೆ, ಸೂರ್ಯಗ್ರಹಣ ಹಿಡಿದಿತ್ತು. ಉತ್ತರ ಭಾರತದ ಕೆಲವೆಡೆ ಖಗ್ರಾಸ, ನಮ್ಮಲ್ಲಿ ಪಾರ್ಶ್ವ. ನನಗೆ ಆ ದಿನ ಚೆನ್ನಾಗಿ ನೆನಪಿದೆ. ಓಣಿಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಟಿವಿ ಇದ್ದ ಮನೆಯಲ್ಲಿ ನಾವೆಲ್ಲ ಒತ್ತಿಕೊಂಡು ಕೂತು ದೂರದರ್ಶನದಲ್ಲಿ ವಜ್ರದುಂಗುರ ನೋಡಿದೆವು. ಆಗ ಚಿಕ್ಕವ್ವನಿಗೆ ಮೂರರಲ್ಲಿ. ಬಸುರಿ ಗ್ರಹಣದಲ್ಲಿ ಅಲುಗಾಡಬಾರದು, ಈಳಿಗಿ, ಕತ್ತರಿ, ಸೂಜಿ ಮುಟ್ಟಬಾರದು. ಅವಳು ಅಡಿಗೆ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದ್ದನ್ನು ಅತ್ತೆ ನೋಡಿದ್ದಳಂತೆ. ನೋಡಿದ್ದು ನಿಜವೋ, ಏಳು ತಿಂಗಳ ಮೇಲೆ ಕೂಸನ್ನು ಕಂಡಾಗ ನೋಡಿದಂತೆ ಅನ್ನಿಸಿತೋ ಹೇಳುವುದು ಕಷ್ಟ. ಅಂತೂ ತೀರ್ಪು ಹೊರಬಿತ್ತು. ಚಿಕ್ಕವ್ವ ಅದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆಯಲು ಅವಳ ಹತ್ತಿರ ಬೇರೊಂದು ಕಾರಣ ಇರಬೇಕಿತ್ತಲ್ಲ?

ಅವಳು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಐದು ಭರತ ಹುಣ್ಣಿವೆಗೆ ನಡೆದುಕೊಂಡು ಗುಡ್ಡಕ್ಕೆ ಹೋದಳು. ಮಗಳನ್ನು ಹೊತ್ತು ಧಾರವಾಡ, ಬೆಳಗಾವಿ, ಮಿರಜ ತಿರುಗಿದಳು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, ಸೋದರಮಾವನನ್ನು ಮಾಡಿಕೊಂಡೀರೇನು ಎಂಬುದು. ಅದು ಕೇಳಲೇಬೇಕಾದ ಪ್ರಶ್ನೆ. ನಮ್ಮ ಕಡೆ ರಕ್ತಸಂಬಂಧದ ಮದುವೆ ಹೆಚ್ಚು, ವಂಶವಾಹಿಯಿಂದ ಬರುವ ಕಿವುಡುತನವೂ ಹೆಚ್ಚು. ಅವಳದು ಹೊರಗಿನ ಸಂಬಂಧ. ಅಲ್ಲಿಗೆ ಪ್ರಶ್ನೆಗಳು ಮುಗಿಯುತ್ತಿದ್ದವು. ಬಸುರಿದ್ದಾಗ ಏನಾಗಿತ್ತು ಎಂದು ಒಬ್ಬರಿಬ್ಬರು ಕೇಳಿರಬಹುದು. ಏನೂ ಇಲ್ಲರಿ ಅಂದಿರುತ್ತಾಳೆ. ಮನಸ್ಸಿನಲ್ಲಿ ಗ್ರಹಣ ಇತ್ತು, ಅದನ್ನು ಡಾಕ್ಟರರ ಮುಂದೆ ಹೇಳಲು ನಾಚಿಕೆ.

2019ರಲ್ಲಿ ತಂಗಿಗೆ ಕಣ್ಣಿನ ಒತ್ತಡ ಜಾಸ್ತಿಯಾಗಿ ತಲೆನೋವು ಶುರುವಾಯಿತು. ಹುಬ್ಬಳ್ಳಿಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದ ಹೆಣ್ಣುಮಗಳು. ಪಾಪೆ ಹಿಗ್ಗಿಸಿ, ಬೆಳಕು ಬಿಟ್ಟು ಬಹಳ ಹೊತ್ತು ಅಕ್ಷಿಪಟಲ ನೋಡಿದರು. ನಮ್ಮನ್ನೂ ಕರೆದು ತೆರೆಯ ಮೇಲೆ ತೋರಿಸಿದರು. ಕೆಂಪು ನೆಲದ ಮೇಲೆ ಕಪ್ಪು ಬಿಳಿ ಚುಕ್ಕೆಗಳು. ಉಪ್ಪು ಮೆಣಸು ಚೆಲ್ಲಿದಂಗ ಐತಿ ನೋಡ್ರಿ, ಎಂದರು. ಆಮೇಲೆ ಚಿಕ್ಕವ್ವನ ಕಡೆ ತಿರುಗಿ ಕೇಳಿದರು: ‘ಬಸರಿದ್ದಾಗ ಗೊಬ್ಬರ ಎದ್ದಿದ್ದವೇನವಾ?’

‘ಇಲ್ಲರಿ.’

‘ಮೈಮ್ಯಾಲ ಕೆಂಪನ್ನ ಗಂಧಿ? ಮೂರ್ನಾಕು ದಿನ?’

‘ಇಲ್ಲರಿ. ನೆನಪಿಲ್ಲ.’

‘ಕೀಲು ನೋವು? ಬೆರಳು ಬಾತಿದ್ದವೇನು?’

ಚಿಕ್ಕವ್ವ ಸುಮ್ಮನಾದಳು. ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. ‘ಬಾತಿದ್ದವರಿ,’ ಎಂದಳು. ‘ದೀಪಾವಳಿ ಮುಂದ. ಎಂಟು ದಿನ ರೊಟ್ಟಿ ಬಡಿಯಾಕ ಆಗಿದ್ದಿಲ್ಲ. ನಮ್ಮತ್ತಿ ಕಳ್ಳಬಿದ್ದಾಳ ಅಂತ ಬೈದಿದ್ಳು.’

ಗಂಧೆ ನೆನಪಿರಲಿಲ್ಲ. ರೊಟ್ಟಿ ನೆನಪಿತ್ತು. ಮಕ್ಕಳಿಗಲ್ಲದೆ ದೊಡ್ಡ ಹೆಂಗಸರಿಗೆ ರುಬೆಲ್ಲಾ ಬಂದರೆ ಬೆರಳು, ಮಣಿಕಟ್ಟು, ಮೊಣಕಾಲ ಕೀಲುಗಳು ಬಾತು ನೋಯುವುದು ಬಹಳ ಸಾಮಾನ್ಯ. ವೈದ್ಯಶಾಸ್ತ್ರದ ಆ ಸಾಲನ್ನು ನಮ್ಮ ಕಡೆಯ ಹೆಣ್ಣುಮಗಳು ಜೋಳದ ಹಿಟ್ಟಿನ ಲೆಕ್ಕದಲ್ಲಿ ಇಟ್ಟುಕೊಂಡಿದ್ದಳು. ಬೈಗುಳದ ಜೊತೆ ಅಂಟಿಕೊಂಡಿದ್ದರಿಂದ ಅದು ಅಳಿಸಿರಲಿಲ್ಲ.

ಇಷ್ಟು ವರ್ಷದ ಮೇಲೆ ಇದನ್ನು ಖಾತ್ರಿ ಮಾಡುವ ರಕ್ತಪರೀಕ್ಷೆ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹುಟ್ಟಿದ ಹೊಸದರಲ್ಲಿ ನೋಡಿದ್ದರೆ ತಿಳಿಯುತ್ತಿತ್ತು, ಈಗ ಏನಿದ್ದರೂ ಗುರುತುಗಳನ್ನು ಕೂಡಿಸಿ ಓದಬೇಕು. ಪೊರೆ, ಕಿವುಡು, ಎದೆಯ ಸಪ್ಪಳ, ಅಕ್ಷಿಪಟಲದ ಉಪ್ಪು ಮೆಣಸು, ಮೂರನೆಯ ತಿಂಗಳಲ್ಲಿ ತಾಯಿಯ ಬಾತ ಬೆರಳು. ಓದಿದರೆ ಒಂದೇ ಶಬ್ದ ಬರುತ್ತದೆ, ಎಂದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಚಿಕ್ಕವ್ವ ನನ್ನನ್ನು ಕೇಳಿದ್ದು ಒಂದೇ ಮಾತು: ‘ಹಂಗಾದ್ರ ಗ್ರಹಣ ಅಲ್ಲ?’

ಅಲ್ಲ ಎಂದೆ. ಗ್ರಹಣ ಮತ್ತು ಜ್ವರ ಒಂದೇ ವಾರ ಬಂದಿದ್ದವು. ಒಂದನ್ನು ಇಡೀ ದೇಶ ನೋಡಿತ್ತು, ಇನ್ನೊಂದನ್ನು ಯಾರೂ ನೋಡಿರಲಿಲ್ಲ.

ನಾನು ಓದಿದ್ದು ಕನ್ನಡ ಸಾಹಿತ್ಯ. ಅಂದಿನಿಂದ ಈ ರೋಗದ ಕತೆಯನ್ನು ಹುಡುಕಿ ಓದಲು ಶುರು ಮಾಡಿದೆ. ಮೊದಲು ಸಿಕ್ಕ ಹೆಸರು ನಾರ್ಮನ್ ಮ್ಯಾಕ್‌ಅಲಿಸ್ಟರ್ ಗ್ರೆಗ್. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಣ್ಣಿನ ಡಾಕ್ಟರು. 1941ರ ಮೊದಲ ತಿಂಗಳುಗಳಲ್ಲಿ ಅವರ ಹತ್ತಿರ ಹುಟ್ಟುಪೊರೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಹುಟ್ಟುಪೊರೆ ಅಷ್ಟು ಸಾಮಾನ್ಯವಲ್ಲ. ಕಾಯುವ ಕೋಣೆಯಲ್ಲಿ ತಾಯಂದಿರಿಬ್ಬರು ತಮಗೆ ಬಸಿರಿನಲ್ಲಿ ಬಂದಿದ್ದ ಜರ್ಮನ್ ದಡಾರದ ಬಗ್ಗೆ ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತು ಎಂದು ಹೇಳುತ್ತಾರೆ. ಹಿಂದಿನ ವರ್ಷ ಅಲ್ಲಿ ಆ ಜ್ವರ ಹಬ್ಬಿತ್ತು. ಗ್ರೆಗ್ ಎಲ್ಲ ತಾಯಂದಿರನ್ನೂ ಕೇಳಿದರು, ಬೇರೆ ಊರಿನ ಡಾಕ್ಟರರನ್ನೂ ಕೇಳಿದರು. 78 ಕೂಸುಗಳ ಲೆಕ್ಕ ಸಿಕ್ಕಿತು. ಅವುಗಳಲ್ಲಿ 68ರ ತಾಯಂದಿರಿಗೆ ಬಸಿರಿನಲ್ಲಿ, ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ, ಆ ಜ್ವರ ಬಂದಿತ್ತು. 1941ರ ಅಕ್ಟೋಬರಿನಲ್ಲಿ ಅವರು ಈ ವಿಷಯವನ್ನು ಪ್ರಬಂಧವಾಗಿ ಓದಿದರು. ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಕೆಲವು ತಾಯಂದಿರು ಅವರನ್ನು ಸಂಪರ್ಕಿಸಿ, ನಮಗೂ ಆ ಜ್ವರ ಬಂದಿತ್ತು, ನಮ್ಮ ಮಕ್ಕಳಿಗೆ ಕಿವಿ ಕೇಳುವುದಿಲ್ಲ ಎಂದರು. ಕಿವುಡುತನದ ಸಂಗತಿ ಹೊರಬಂದದ್ದು ಹಾಗೆ.

ಅಷ್ಟು ಸೌಮ್ಯವಾದ ಜ್ವರ ಇಷ್ಟೆಲ್ಲ ಮಾಡೀತೇ ಎಂದು ಆಗಿನ ದೊಡ್ಡ ವೈದ್ಯರು ನಂಬಲಿಲ್ಲ. ಸಂಶಯವನ್ನು ತೀರಿಸಿದವರಲ್ಲಿ ಒಬ್ಬರು ಲ್ಯಾಂಕಾಸ್ಟರ್ ಎಂಬ ಸಂಖ್ಯಾಶಾಸ್ತ್ರಜ್ಞ. ಅವರು ಆಸ್ಟ್ರೇಲಿಯಾದ ಹಳೆಯ ಜನಗಣತಿಗಳನ್ನು ತೆಗೆದು ಕಿವುಡರ ವಯಸ್ಸು ಎಣಿಸಿದರು. 1911ರ ಗಣತಿಯಲ್ಲಿ ಒಂದು ವಯಸ್ಸಿನ ಕಿವುಡ ಮಕ್ಕಳು ವಿಪರೀತ ಹೆಚ್ಚು. 1921ರ ಗಣತಿಯಲ್ಲೂ ಅದೇ ಗುಂಪು, ಹತ್ತು ವರ್ಷ ದೊಡ್ಡದಾಗಿ. ಅವರೆಲ್ಲ 1899ರ ಸುಮಾರಿಗೆ ಹುಟ್ಟಿದವರು. ಆ ಹೊತ್ತಿಗೆ ಅಲ್ಲಿ ಜರ್ಮನ್ ದಡಾರ ಹಬ್ಬಿದ್ದ ದಾಖಲೆ ಇತ್ತು. ಅರ್ಧ ಶತಮಾನ ಆ ಮಕ್ಕಳು ಕಾಗದದ ಮೇಲೆ ಸಾಲಾಗಿ ನಿಂತಿದ್ದರು, ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತ. ಅದನ್ನು ಓದಿದ ದಿನ ನಾನು ನಮ್ಮ ಜಾತ್ರೆಗಳನ್ನು, ಸಂತೆಗಳನ್ನು, ಎಲ್ಲಮ್ಮನ ಗುಡ್ಡದ ಮೆಟ್ಟಿಲುಗಳನ್ನು ನೆನೆದೆ. ನಮ್ಮ ಊರುಗಳಲ್ಲಿ ‘ಮೂಕ’, ‘ಕಿವುಡಿ’ ಎಂದು ಕರೆಸಿಕೊಂಡು ಹೋದವರ ವಯಸ್ಸನ್ನು ಸಾಲಾಗಿ ಬರೆದಿಟ್ಟಿದ್ದರೆ ಯಾವ ಯಾವ ವರ್ಷ ಎದ್ದು ಕಾಣುತ್ತಿತ್ತು?

ಈ ವೈರಾಣು ಮಾಡುವ ಕೆಲಸ ಒಡೆದು ಹಾಕುವಂಥದ್ದಲ್ಲ, ತಡೆಯುವಂಥದ್ದು. ತಾಯಿಯ ರಕ್ತದಿಂದ ಮಾಸಿನ ಮೂಲಕ ಒಳಗೆ ಹೋಗಿ ಭ್ರೂಣದ ಜೀವಕೋಶಗಳಲ್ಲಿ ಕೂಡುತ್ತದೆ. ಅವು ಒಂದು ಎರಡಾಗುವ, ಎರಡು ನಾಲ್ಕಾಗುವ ವೇಗ ತಗ್ಗುತ್ತದೆ. ಮೊದಲ ಮೂರು ತಿಂಗಳಲ್ಲಿ ಕಣ್ಣಿನ ಮಸೂರ, ಒಳಕಿವಿಯ ಶಂಖ, ಹೃದಯದ ಕೋಣೆಗಳು ರೂಪುಗೊಳ್ಳುತ್ತಿರುತ್ತವೆ. ಯಾವ ವಾರ ಯಾವುದು ಕಟ್ಟುತ್ತಿತ್ತೋ ಅದು ಅರೆಯಾಗುತ್ತದೆ. ಬಸಿರಿನ ಆರಂಭದಲ್ಲಿ ಸೋಂಕು ತಗುಲಿದರೆ ಮಗುವಿಗೆ ಊನವಾಗುವ ಸಾಧ್ಯತೆ ನೂರಕ್ಕೆ ತೊಂಬತ್ತರವರೆಗೂ ಇದೆ. ಐದನೆಯ ತಿಂಗಳು ದಾಟಿದ ಮೇಲೆ ಆ ಅಪಾಯ ತೀರಾ ಕಡಿಮೆ. ಹುಟ್ಟಿದ ಕೂಸು ಒಂದು ವರ್ಷದವರೆಗೂ ವೈರಾಣುವನ್ನು ಹೊರಗೆ ಬಿಡುತ್ತಿರಬಹುದು. ಅಂದರೆ ತೊಟ್ಟಿಲು ನೋಡಲು ಬಂದ ಇನ್ನೊಬ್ಬ ಬಸುರಿಗೂ ಅದು ತಗುಲಬಹುದು.

ಇದರ ನಿಜವಾದ ಉದ್ದ ತಿಳಿಯಬೇಕಾದರೆ ಆ ಮಕ್ಕಳು ದೊಡ್ಡವರಾಗುವುದನ್ನು ಕಾಯಬೇಕು. 1964, 65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿ ಸುಮಾರು 20,000 ಮಕ್ಕಳು ಈ ಊನಗಳೊಂದಿಗೆ ಹುಟ್ಟಿದರು. ನ್ಯೂಯಾರ್ಕಿನಲ್ಲಿ ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ಅವರಲ್ಲಿ 243 ಮಕ್ಕಳನ್ನು ಗಮನಿಸಿದರು. 1971ರಲ್ಲಿ ಅವರು ಬರೆದಂತೆ, ಹತ್ತು ಮಕ್ಕಳಲ್ಲಿ ಆಟಿಸಂ ಸ್ಪಷ್ಟವಾಗಿತ್ತು, ಇನ್ನೆಂಟು ಮಕ್ಕಳಲ್ಲಿ ಅರೆಬರೆಯಾಗಿ ಇತ್ತು. ಆಗ ತಿಳಿದಿದ್ದ ಲೆಕ್ಕಕ್ಕಿಂತ ಅದು ಬಹಳ ಪಟ್ಟು ಹೆಚ್ಚು. ಆಟಿಸಂ ತಾಯಿಯ ತಣ್ಣನೆಯ ಸ್ವಭಾವದಿಂದ ಬರುತ್ತದೆ ಎಂದು ದೊಡ್ಡ ದೊಡ್ಡವರೇ ಬರೆಯುತ್ತಿದ್ದ ಕಾಲ ಅದು. ಗ್ರಹಣದ ದೋಷ ಹೊರಿಸುವುದು ನಮ್ಮಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಅದರ ಹೆಸರು ಬೇರೆ, ಅಷ್ಟೆ. ಚೆಸ್ ಕೆಲವು ವರ್ಷಗಳ ಮೇಲೆ ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಕೆಲವರಲ್ಲಿ ಲಕ್ಷಣ ಹೋಗಿದ್ದವು, ಮೊದಲು ಇಲ್ಲದ ಕೆಲವರಲ್ಲಿ ಹೊಸದಾಗಿ ಕಾಣಿಸಿದ್ದವು. ಒಂದು ಸಲ ನೋಡಿ ಬರೆದ ಚೀಟಿ ಆ ಮಗುವಿನ ಹಣೆಬರಹವಲ್ಲ.

ಗ್ರೆಗ್ ಅವರ ಕೂಸುಗಳ ಕತೆ ಇದಕ್ಕಿಂತ ಉದ್ದ. 1967ರಲ್ಲಿ ಸಿಡ್ನಿಯ ವೈದ್ಯರು ಅವರಲ್ಲಿ ಐವತ್ತು ಜನರನ್ನು ಹುಡುಕಿ ನೋಡಿದರು. ಎಲ್ಲರೂ ಇಪ್ಪತ್ತೈದರ ತರುಣರು. ಬಹುತೇಕ ಎಲ್ಲರಿಗೂ ಕಿವುಡು, ಅನೇಕರಿಗೆ ಕಣ್ಣಿನ ತೊಂದರೆ. ಆದರೂ ಬಹುಪಾಲು ಜನ ಕೆಲಸ ಮಾಡಿಕೊಂಡು ಬದುಕುತ್ತಿದ್ದರು, ಕೆಲವರು ಮದುವೆಯಾಗಿದ್ದರು. ಅರವತ್ತು ವರ್ಷ ತುಂಬುವ ಹೊತ್ತಿಗೆ ಮತ್ತೆ ನೋಡಿದಾಗ ಪರೀಕ್ಷೆಗೆ ಸಿಕ್ಕವರು 32 ಜನ. ಐವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಥೈರಾಯ್ಡ್ ತೊಂದರೆ ಕೂಡ ಹೆಚ್ಚೂ ಕಡಿಮೆ ಅಷ್ಟೇ ಮಂದಿಗೆ. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಮುಟ್ಟು ಬೇಗ ನಿಂತಿತ್ತು. ತಾಯಿಗೆ ಮೂರು ದಿನ ಬಂದು ಹೋದದ್ದು ಮಗಳ ದೇಹದಲ್ಲಿ ಅರವತ್ತು ವರ್ಷ ಸಣ್ಣಗೆ ಕೆಲಸ ಮಾಡುತ್ತಲೇ ಇತ್ತು.

ಇದು ಬರೀ ಓದಿನ ಮಾತಾಗಿ ಉಳಿಯಲಿಲ್ಲ. ಹೋದ ವರ್ಷ ತಂಗಿ ಸೊರಗತೊಡಗಿದಳು, ನೀರು ಕುಡಿದಷ್ಟೂ ಸಾಲದು. ಸಣ್ಣ ವಯಸ್ಸು, ತೆಳ್ಳನೆಯ ಮೈ, ಸಕ್ಕರೆ ಇರಲಿಕ್ಕಿಲ್ಲ ಎಂದು ಮನೆಯವರೆಲ್ಲ ಅಂದರು. ಚಿಕ್ಕವ್ವ ಮಾತ್ರ, ‘ಆ ಡಾಕ್ಟರಮ್ಮ ಹೇಳಿದ್ದಳಲ್ಲ, ಮುಂದ ನೋಡಕೋತ ಇರ್ರಿ ಅಂತ’ ಎಂದು ಹಟ ಹಿಡಿದು ರಕ್ತ ತೆಗೆಸಿದಳು. ಸಕ್ಕರೆ ಇತ್ತು. ಈಗ ಇನ್ಸುಲಿನ್ ತಗೊಳ್ಳುತ್ತಾಳೆ. ಹೆಸರು ಗೊತ್ತಾದ ರೋಗಕ್ಕೆ ಮುಂದಿನ ದಾರಿಯೂ ಸ್ವಲ್ಪ ಗೊತ್ತಿರುತ್ತದೆ. ಗ್ರಹಣ ಹಿಡಿದ ಕೂಸಿಗೆ ಮುಂದೇನು ಎಂದು ಯಾರು ಹೇಳಬಲ್ಲರು?

ತಂಗಿಯ ಬಗ್ಗೆ ಇಷ್ಟು ಹೇಳಿ ಬಿಟ್ಟರೆ ಅವಳು ರೋಗದ ಪಟ್ಟಿಯಂತೆ ಕಾಣುತ್ತಾಳೆ. ಅವಳು ಹೊಲಿಗೆಯವಳು. ಬಟ್ಟೆಯನ್ನು ಕಣ್ಣಿಗೆ ನಾಲ್ಕು ಬೆರಳು ದೂರ ಹಿಡಿದು ಹೊಲಿಯುತ್ತಾಳೆ. ಮಿಷನ್ನಿನ ನಡುಕದಿಂದಲೇ ದಾರ ತುಂಡಾದದ್ದು ಅವಳ ಬೆರಳಿಗೆ ತಿಳಿಯುತ್ತದೆ. ಕಿವುಡ ಮಕ್ಕಳ ಶಾಲೆಗೆ ಹೋದದ್ದು ತಡವಾಗಿ, ಎಂಟು ದಾಟಿದ ಮೇಲೆ. ಅಷ್ಟರಲ್ಲಿ ತಾಯಿ ಮಗಳು ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಎರಡು ಅಂಗೈ ತಟ್ಟಿದರೆ ರೊಟ್ಟಿ. ಹಣೆಗೆ ಅಡ್ಡ ಬೆರಳು ಎಳೆದರೆ ಭಂಡಾರ, ಅಂದರೆ ಎಲ್ಲಮ್ಮನ ಗುಡ್ಡ. ಮೀಸೆ ತಿರುವಿದರೆ ಅಪ್ಪ. ಬಲಗೈ ಎತ್ತಿ ಕತ್ತಿ ಹಿಡಿದಂತೆ ಮಾಡಿದರೆ ಕಿತ್ತೂರು. ಚೆನ್ನಮ್ಮನ ಮೂರ್ತಿ ನೋಡಿ ಅವಳೇ ಮಾಡಿದ ಶಬ್ದ ಅದು. ಅವಳ ಭಾಷೆಯಲ್ಲಿ ಊರಿಗೆ ಹೋಗುವುದೆಂದರೆ ಪ್ರತಿ ಸಲ ಕತ್ತಿ ಎತ್ತುವುದು.

ಆದರೂ ಹೋದ ಎಂಟು ವರ್ಷ ಹೋದವೇ. ಕೂಸು ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಶ್ರವಣಯಂತ್ರವೋ ಸನ್ನೆ ಭಾಷೆಯೋ ಏನಾದರೊಂದು ಭಾಷೆಯ ದಾರಿ. ಇವತ್ತು ಜಗತ್ತು ಒಪ್ಪಿಕೊಂಡ ಲೆಕ್ಕ ಇದು. ಭಾಷೆ ಕಲಿಯುವ ಮಿದುಳು ಬಹಳ ವರ್ಷ ಕಾಯುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟುಪೊರೆ, ಹುಟ್ಟುಕಿವುಡು, ಹುಟ್ಟು ಹೃದ್ರೋಗ ಮೂರನ್ನೂ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಕಿತ್ತೂರಿನ ತಾಯಿಗೆ ಮೈಸೂರು ದೂರ. ಅದಕ್ಕಿಂತ ದೂರದ್ದು, ಹೀಗೊಂದು ಪರೀಕ್ಷೆ ಇದೆ ಎಂಬ ತಿಳಿವಳಿಕೆ.

ಇದು ಒಂದೇ ವೈರಾಣುವಿನ ಕತೆಯೂ ಅಲ್ಲ. ಲಸಿಕೆಯಿಂದ ರುಬೆಲ್ಲಾ ಹಿಂದೆ ಸರಿದ ದೇಶಗಳಲ್ಲಿ ಈಗ ಹುಟ್ಟುಕಿವುಡಿಗೆ ದೊಡ್ಡ ಕಾರಣವೆನಿಸಿರುವ ಸೋಂಕು ಸೈಟೋಮೆಗಾಲೊ ವೈರಾಣುವಿನದು. ಅದು ಪುಟ್ಟ ಮಕ್ಕಳ ಜೊಲ್ಲು, ಮೂತ್ರದ ಮೂಲಕ ಬಸುರಿಗೆ ದಾಟುತ್ತದೆ. ಅದಕ್ಕೆ ಇನ್ನೂ ಲಸಿಕೆ ಇಲ್ಲ. ಹುಟ್ಟಿದಾಗ ಚೆನ್ನಾಗಿ ಕೇಳುತ್ತಿದ್ದ ಮಗುವಿನ ಕಿವಿ ಎರಡನೆಯ, ಮೂರನೆಯ ವರ್ಷಕ್ಕೆ ಕುಗ್ಗಬಹುದು. ಆದ್ದರಿಂದ ಒಮ್ಮೆ ಪಾಸಾದ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ.

ರುಬೆಲ್ಲಾಕ್ಕೆ ಮಾತ್ರ ಲಸಿಕೆ ಇತ್ತು. 1969ರಲ್ಲೇ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಚಿಕ್ಕವ್ವನ ಬೆರಳು ಬಾತಾಗ ಅದಕ್ಕೆ ಇಪ್ಪತ್ತಾರು ವರ್ಷ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಬಂದಾಗ ಅದರಲ್ಲಿ ದಡಾರದ ಸೂಜಿ ಇತ್ತು, ರುಬೆಲ್ಲಾದ್ದು ಇರಲಿಲ್ಲ. ದಡಾರ ಮಕ್ಕಳನ್ನು ಕೊಲ್ಲುತ್ತಿತ್ತು, ರುಬೆಲ್ಲಾ ಕೊಲ್ಲುತ್ತಿರಲಿಲ್ಲ. ಇನ್ನೊಂದು ಅಂಜಿಕೆಯೂ ಇತ್ತು, ಅದರಲ್ಲಿ ಹುರುಳೂ ಇತ್ತು. ಅರ್ಧ ಮಕ್ಕಳಿಗೆ ಮಾತ್ರ ಲಸಿಕೆ ಹಾಕಿದರೆ ಉಳಿದವರಿಗೆ ಚಿಕ್ಕಂದಿನಲ್ಲಿ ಬರಬೇಕಾದ ಜ್ವರ ಮುಂದಕ್ಕೆ ಹೋಗಿ ಮದುವೆಯ ವಯಸ್ಸಿನಲ್ಲಿ ಬರುತ್ತದೆ. ಗ್ರೀಸ್ ದೇಶದಲ್ಲಿ ಹಾಗೇ ಆಗಿ 1993ರಲ್ಲಿ ಅನೇಕ ಕೂಸುಗಳು ಊನವಾಗಿ ಹುಟ್ಟಿದವು. ಕೊಟ್ಟರೆ ಎಲ್ಲರಿಗೂ ಕೊಡಬೇಕು ಎಂಬ ಲಸಿಕೆ ಇದು. ಬಸುರಾದ ಮೇಲೆ ಇದನ್ನು ಹಾಕುವಂತಿಲ್ಲ. ಇವತ್ತು ಅಂಗನವಾಡಿಯಲ್ಲಿ ಅಳುವ ಕೂಸು, ಇಪ್ಪತ್ತು ವರ್ಷದ ಮೇಲೆ ಹುಟ್ಟಲಿರುವ ಇನ್ನೊಂದು ಕೂಸಿಗಾಗಿಯೂ ಅಳುತ್ತಿರುತ್ತದೆ.

ಕೊನೆಗೂ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ಮೊದಲ ಸುತ್ತಿನ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಶಾಲೆ ಶಾಲೆಯಲ್ಲಿ ಸೂಜಿ. ಆಗಲೂ ವಾಟ್ಸಾಪಿನಲ್ಲಿ ಅಂಜಿಸುವ ಸುದ್ದಿ ಹರಿದಾಡಿದವು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ದೊಡ್ಡ ಬಯಲಿದೆ. ಹಿಂದೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಈಗ ಜನ ವಾಯುವಿಹಾರಕ್ಕೆ ಹೋಗುತ್ತಾರೆ. ಹೆಸರಿನ ಹಿಂದಿನ ಕತೆ ಬಹಳ ಮಂದಿಗೆ ಗೊತ್ತಿಲ್ಲ. ಗೆದ್ದ ರೋಗವೂ ಹೆಸರಿಲ್ಲದ ರೋಗದಂತೆಯೇ ಮರೆತುಹೋಗುತ್ತದೆ.

ಲಸಿಕೆಯ ಮೇಲಿನ ಅಂಜಿಕೆಯನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಬಿಡುವುದು ನಮ್ಮ ಜಿಲ್ಲೆಯಲ್ಲಿ ಆಗದ ಮಾತು. 2022ರ ಜನವರಿಯಲ್ಲಿ ಇಲ್ಲೇ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಕೆಲವೇ ದಿನಗಳಲ್ಲಿ ತೀರಿಕೊಂಡವು. ದೋಷ ಲಸಿಕೆಯದಲ್ಲ, ಅದನ್ನು ಇಟ್ಟುಕೊಂಡ, ಬಳಸಿದ ರೀತಿಯದು ಎಂದು ಆರೋಗ್ಯ ಇಲಾಖೆಯ ಪ್ರಾಥಮಿಕ ತನಿಖೆ ಹೇಳಿತು. ಸಿಬ್ಬಂದಿಯನ್ನು ಅಮಾನತು ಮಾಡಿದರು. ಈ ಲಸಿಕೆ ಪುಡಿಯಾಗಿ ಬರುತ್ತದೆ, ಅದರ ಜೊತೆಗಿನ ದ್ರಾವಣದಲ್ಲಿ ಕಲಸಿ ಹಾಕಬೇಕು. ಕಲಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಕೆಡದಂತೆ ಕಾಪಾಡುವ ಔಷಧಿ ಅದರಲ್ಲಿ ಇರುವುದಿಲ್ಲ. ತಡವಾದರೆ, ಹೊಲಸು ತಗುಲಿದರೆ ಅದರೊಳಗೆ ಬ್ಯಾಕ್ಟೀರಿಯಾ ಬೆಳೆದು ವಿಷವಾಗಬಹುದು. ರುಬೆಲ್ಲಾದಿಂದ ಮಗಳ ಕಣ್ಣು ಕಿವಿ ಕಳೆದುಕೊಂಡ ತಾಯಿ, ರುಬೆಲ್ಲಾ ತಡೆಯಲು ಹೋಗಿ ಕೂಸನ್ನೇ ಕಳೆದುಕೊಂಡ ತಾಯಿ ಇಬ್ಬರೂ ಒಂದೇ ಸೀಮೆಯವರು. ಒಬ್ಬಳ ನೋವು ಹೇಳಿ ಇನ್ನೊಬ್ಬಳ ನೋವನ್ನು ಮುಚ್ಚಲು ನನಗೆ ಮನಸ್ಸು ಬರುವುದಿಲ್ಲ. ಆ ಮೂವರು ತಾಯಂದಿರಿಗೂ ಯಾರೋ ಗ್ರಹಚಾರ ಎಂದು ಹೇಳಿರುತ್ತಾರೆ. ಅದು ಗ್ರಹಚಾರವಲ್ಲ. ಅದಕ್ಕೂ ಒಂದು ಕಾರಣ ಇತ್ತು, ಆ ಕಾರಣಕ್ಕೂ ಒಂದು ಹೆಸರಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಮುಂದಿನ ತಾಯಿ ಕೂಸನ್ನು ಎತ್ತಿಕೊಂಡು ಬರುತ್ತಾಳೆ.

ಆ ಚಳಿಗಾಲದಲ್ಲಿ ಚಿಕ್ಕವ್ವನ ಮೊಮ್ಮಗಳು, ಅಂದರೆ ತಂಗಿಯ ತಮ್ಮನ ಕೂಸು, ಒಂಬತ್ತು ತಿಂಗಳು ತುಂಬಿತ್ತು. ರಾಮದುರ್ಗದ ಸುದ್ದಿ ಕೇಳಿ ಸೊಸೆ ಸೂಜಿ ಬ್ಯಾಡ ಎಂದಳು. ಮಗ ಬಾಯಿ ಬಿಡಲಿಲ್ಲ. ಚಿಕ್ಕವ್ವ ಒಂದು ಗುರುವಾರ ಕಳೆಯಗೊಟ್ಟಳು, ಎರಡನೆಯದನ್ನೂ ಕಳೆಯಗೊಟ್ಟಳು. ಮೂರನೆಯ ಗುರುವಾರ ಸೊಸೆ, ಮಗಳು, ಮೊಮ್ಮಗಳನ್ನು ಕರೆದುಕೊಂಡು ಅಂಗನವಾಡಿಗೆ ಹೋದಳು. ನಾನು ಊರಿಗೆ ಬಂದಿದ್ದೆ, ಜೊತೆಗೆ ಹೋದೆ. ತಂಗಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದರ ಮುಖವನ್ನು ತನ್ನ ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ನರ್ಸ್ ಸಿರಿಂಜು ತೆಗೆದಳು.

‘ತಡಿಯವಾ,’ ಎಂದಳು ಚಿಕ್ಕವ್ವ. ‘ಈ ಬಾಟ್ಲಿ ಯಾವಾಗ ಒಡದದ್ದು?’

ಹುಡುಗಿ ಬೇಸರಪಡಲಿಲ್ಲ. ತಂಪಿನ ಪೆಟ್ಟಿಗೆಯಿಂದ ಬಾಟಲಿ ಎತ್ತಿ ತೋರಿಸಿದಳು. ಅದರ ಮೈಮೇಲೆ ಪೆನ್ನಿನಲ್ಲಿ ಬರೆದಿತ್ತು. ಚಿಕ್ಕವ್ವನಿಗೆ ಓದಲು ಬರುವುದಿಲ್ಲ. ಸೊಸೆಯ ಕಡೆ ನೋಡಿದಳು. ಸೊಸೆ ಬಗ್ಗಿ ಓದಿದಳು: ‘ಹತ್ತೂ ಇಪ್ಪತ್ತು, ಅತ್ತಿ.’

‘ಈಗೆಷ್ಟು?’

‘ಹನ್ನೊಂದು.’

‘ಹಾಕವಾ,’ ಎಂದಳು.